ಖಾಲಿ ಮಾಡಿಸಿದ ಬೀದಿ

ಗುಡ್ಡಕುಸಿತ ವಿಭಾಗದ ಉಪನಿರ್ದೇಶಕನಿಗೆ ಕಲ್ಲುಮೇಷ್ಟ್ರ ಮೇಲೆ ಸಿಟ್ಟು ಬಂದದ್ದು ಅವರು ಕೆಟ್ಟವರೆಂದಲ್ಲ, ಏನನ್ನೂ ಬಿಸಾಡದವರೆಂದು. ಅವರು ನಿವೃತ್ತ ಭೂವಿಜ್ಞಾನಿ, ಅವನ ಕೈಹಿಡಿದು ಕೆಲಸ ಕಲಿಸಿದ ಗುರು, ಈಗ ಎದುರು ಮನೆಯವರು. ಬುಧವಾರ ಬೆಳಿಗ್ಗೆ ಗೇಟಿನ ಮೇಲೆ ಮೊಣಕೈಯೂರಿ ನಿಂತು ತಾವಾಗಿಯೇ ಮಾತು ತೆಗೆದಿದ್ದರು.

"ಸೋಮವಾರ ತನಿಖಾ ಆಯೋಗದವರು ನನ್ನೂ ಕರೆದಿದಾರೆ ಕಣಯ್ಯಾ. ಹಳೇ ನಕ್ಷೆ ಇದ್ರೆ ತನ್ನಿ ಅಂದ್ರು. ನಾವಿಬ್ರೂ ಕೈಯಲ್ಲಿ ಬರೆದದ್ದು ಒಂದಿದೆಯಲ್ಲ, ಅದೇ."

"ಅದು ಇನ್ನೂ ಇದೆಯಾ ಸರ್?"

"ಇರದೆ ಎಲ್ಲಿಗೆ ಹೋಗುತ್ತೆ? ಹೆಂಡ್ತಿ ಎಷ್ಟು ಬೈದ್ರೂ ನಾನು ಕಾಗದ ಬಿಸಾಡಿದವನಲ್ಲ," ಎಂದು ನಕ್ಕರು.

ಯಾಕೆ ನಕ್ಕರು? ಇಡೀ ದಿನ ಅವನು ಆ ನಗುವನ್ನೇ ತಿರುವಿ ತಿರುವಿ ನೋಡಿದ. ಆ ನಕ್ಷೆಯಲ್ಲೊಂದು ಕೆಂಪು ಗೆರೆಯಿತ್ತು. ಗೆರೆಯಿಂದ ಮೇಲೆ ಯಾರೂ ಮನೆ ಕಟ್ಟುವಂತಿರಲಿಲ್ಲ. ಆರು ವರ್ಷದ ಹಿಂದೆ ಅವನ ಭಾವಮೈದುನ ಊರಾಚೆಯ ಗುಡ್ಡದಲ್ಲಿ ಸಾಲುಮನೆ ಕಟ್ಟಲು ಹೊರಟಾಗ, ಹೊಸ ನಕ್ಷೆಯಲ್ಲಿ ಗೆರೆ ಒಂದು ಬೆರಳಿನಷ್ಟು ಮೇಲೆ ಸರಿಯಿತು. ಕಾಗದದ ಮೇಲೆ ಒಂದು ಬೆರಳು, ಗುಡ್ಡದ ಮೇಲೆ ನಾನೂರು ಹೆಜ್ಜೆ. ಕಳೆದ ಮಳೆಗಾಲ ಆ ನಾನೂರು ಹೆಜ್ಜೆಯೊಳಗೇ ಮಣ್ಣು ಜಾರಿ ಮೂವರು ಸತ್ತರು. ಕಚೇರಿಯ ಮೂಲಪ್ರತಿಯನ್ನು ಗೆದ್ದಲು ತಿಂದಿದೆ ಎಂದು ಅವನೇ ಷರಾ ಬರೆದು ಮುಗಿಸಿದ್ದ. ಗೆದ್ದಲಿಗೆ ಅಷ್ಟೊಂದು ಋಣಿಯಾದ ಅಧಿಕಾರಿ ಇನ್ನೊಬ್ಬನಿರಲಾರ.

ಈಗ ಎದುರು ಮನೆಯಲ್ಲಿ ಇನ್ನೊಂದು ಪ್ರತಿ. ಅದು ಆಯೋಗದ ಮೇಜಿಗೆ ಬಂದರೆ ಅವನಿಗೆ ಜೈಲೇ ಗತಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ, ಗುಮಾಸ್ತ ಕೆಮ್ಮಿದರೂ ತನಗೇ ಎಂದುಕೊಂಡ. ಶನಿವಾರ ತಿಂಡಿಯ ಹೊತ್ತಿಗೆ ಹೆಂಡತಿ "ಮಳೆ ಜೋರಿದೆ, ಇವತ್ತೆಲ್ಲಿರ್ತೀರಿ?" ಎಂದು ಕೇಳಿದ್ದೂ ಅವನಿಗೆ ತನಿಖೆಯ ಪ್ರಶ್ನೆಯಂತೆ ಕೇಳಿಸಿತು.

"ಕಂಟ್ರೋಲ್ ರೂಮಲ್ಲೇ. ಇನ್ನೆಲ್ಲಿ?"

ಯೋಜನೆ ಆಗಲೇ ಸಿದ್ಧವಾಗಿತ್ತು. ಮೇಷ್ಟ್ರೂ ಮಂಡಿನೋವಿನ ಅವರ ಹೆಂಡತಿಯೂ ಮನೆಬಿಟ್ಟು ಕದಲುವವರಲ್ಲ. ಅವರನ್ನು ಹೊರಗೆ ತರುವ ಶಕ್ತಿ ಸರ್ಕಾರಕ್ಕೆ ಮಾತ್ರ, ಮತ್ತು ಗುಡ್ಡದ ವಿಷಯದಲ್ಲಿ ಸರ್ಕಾರವೆಂದರೆ ಅವನೇ. ಬೇಲಿಯೇ ಎದ್ದು ಹೊಲ ಮೇಯುವುದಕ್ಕೆ ಇದಕ್ಕಿಂತ ಒಳ್ಳೆಯ ಹೊಲ ಸಿಗಲಾರದು. ಮೂರನೆಯ ಹಂತದ ಎಚ್ಚರಿಕೆ ಕೊಟ್ಟರೆ ಸೈರನ್ ಕೂಗುತ್ತದೆ, ಬೀದಿಯವರೆಲ್ಲ ಆಚೆ ಬೀದಿಯ ಶಾಲೆಗೆ ಹೋಗುತ್ತಾರೆ. ಬಾಗಿಲು ಮುಚ್ಚಬೇಕು, ಬೀಗ ಹಾಕಕೂಡದು. ಸ್ವಯಂಸೇವಕರು ಒಂದೊಂದು ಕೋಣೆಯನ್ನೂ ಇಣುಕಿ ನೋಡಿ, ಬಾಗಿಲ ಮೇಲೆ ಸೀಮೆಸುಣ್ಣದ ಗೀಟು ಎಳೆದು ಹೋಗುತ್ತಾರೆ. ಆಮೇಲೆ ಅವನು ಆದೇಶ ಹಿಂತೆಗೆಯುವ ತನಕ ಬೀದಿಗೆ ನರಪಿಳ್ಳೆಯೂ ಬರುವಂತಿಲ್ಲ. ಈ ಪದ್ಧತಿಯನ್ನು ಅಕ್ಷರ ಅಕ್ಷರ ಬರೆದವನು ಅವನೇ. ಬೇರೆ ದೇಶದವರು ಬಂದು ನೋಡಿ ಹೊಗಳಿ ಹೋಗಿದ್ದರು.

ಎಲ್ಲಕ್ಕಿಂತ ಸೊಗಸಾದ ಸಂಗತಿ ಇನ್ನೊಂದಿತ್ತು. ಎಚ್ಚರಿಕೆ ಕೊಡದೆ ಕೂತವನಿಗೆ ಶಿಕ್ಷೆಯುಂಟು, ಸುಮ್ಮಸುಮ್ಮನೆ ಕೊಟ್ಟವನಿಗೆ ಇಲ್ಲ. ಗುಡ್ಡ ಕುಸಿಯದಿದ್ದರೆ ಜನ ದೇವರು ದೊಡ್ಡವನೆಂದು ಮನೆಗೆ ಮರಳುತ್ತಾರೆ.

ಹತ್ತು ಗಂಟೆಗೆ ಅವನು ಬೀದಿಯ ಮೇಲುಗಡೆಯ ಗುಡ್ಡದ ಬಿರುಕಿಗೆ ಹೂಡಿದ್ದ ಮಾಪಕ ತೋರಿಸಿದ ಎರಡು ಮಿಲಿಮೀಟರನ್ನು ಒಂಬತ್ತೆಂದು ಬರೆದ. ಆದೇಶಕ್ಕೆ ಸಹಿ ಹಾಕಿ, ಬಿರುಕನ್ನು ತಾನೇ ಇನ್ನೊಮ್ಮೆ ನೋಡಿ ಬರುವೆನೆಂದು ಎದ್ದ.

"ಒಬ್ರೇ ಹೋಗ್ಬೇಡಿ ಸರ್, ನಿಯಮ ಇದೆ," ಎಂದಳು ಕಂಟ್ರೋಲ್ ರೂಮಿನ ಆಪರೇಟರು.

"ನಿಯಮ ಬರೆದವನೇ ನಾನು ಕಣಮ್ಮಾ."

ಹನ್ನೊಂದಕ್ಕೆ ಸೈರನ್ ಕೂಗಿತು. ಫೋನು ಆರಿಸಿ, ಬೀದಿಯ ತುದಿಯ ನೀರಿನ ಟ್ಯಾಂಕಿನ ಹಿಂದೆ ನಿಂತು ನೋಡಿದ. ಮೇಷ್ಟ್ರು ಒಂದು ಕೈಯಲ್ಲಿ ಹೆಂಡತಿಯನ್ನೂ ಇನ್ನೊಂದರಲ್ಲಿ ಕೊಡೆಯನ್ನೂ ಹಿಡಿದು ಹೊರಟರು, ಕಂಕುಳಲ್ಲಿ ನಕ್ಷೆಯಿರಲಿಲ್ಲ. ಅವರು ಒಮ್ಮೆ ನಿಂತು ಗುಡ್ಡದ ಕಡೆ ಕತ್ತೆತ್ತಿದರು. ಅನುಮಾನ ಬಂತೋ ಏನೋ! ಅವರು ಮುಂದೆ ನಡೆದಾಗಲೇ ಅವನು ಉಸಿರು ಬಿಟ್ಟದ್ದು. ಕಿತ್ತಳೆ ಜಾಕೀಟಿನ ಸ್ವಯಂಸೇವಕರು ಕೊನೆಯ ಬಾಗಿಲಿಗೆ ಗೀಟೆಳೆದು ಹೋದ ಮೇಲೆ ಒಳಗೆ ನುಗ್ಗಿದ.

ಹಿಂದಿನ ಕೋಣೆಯಲ್ಲಿ ಕಾಗದದ ಕಟ್ಟುಗಳು ವರ್ಷದ ಚೀಟಿ ಹೊತ್ತು ಸಾಲಾಗಿದ್ದವು. ಹೀಗೆ ಒಪ್ಪವಾಗಿಟ್ಟವರ ಮನೆಯಲ್ಲಿ ಕದಿಯುವುದೂ ಸುಲಭ. ಆರೇಳು ನಿಮಿಷದಲ್ಲಿ ನಕ್ಷೆ ಸುತ್ತಿಟ್ಟ ತಗಡಿನ ಕೊಳವೆ ಸಿಕ್ಕಿತು. ಅದೇ ಹೌದೋ ಅಲ್ಲವೋ ನೋಡಲು ಅಡುಗೆಮನೆಯ ಕಟ್ಟೆಯ ಮೇಲೆ ನಕ್ಷೆ ಬಿಚ್ಚಿದ. ಕೆಂಪು ಗೆರೆ ಅವನದೇ ಕೈಯದು, ಇಪ್ಪತ್ತಾರರ ವಯಸ್ಸಿನ ನಡುಗದ ಕೈಯದು. ಅಂಚಿನಲ್ಲಿ ಪೆನ್ಸಿಲಿನಲ್ಲಿ ಮೇಷ್ಟ್ರು ಬರೆದಿದ್ದರು: ಹುಡುಗ ನನಗಿಂತ ಚೆನ್ನಾಗಿ ಎಳೆದಿದ್ದಾನೆ. ಅವನಿಗೆ ನಾಚಿಕೆಯಾಯಿತು. ಎಷ್ಟು ಹೊತ್ತು ಹಾಗೆ ನಿಂತನೋ ಅವನಿಗೇ ತಿಳಿಯಲಿಲ್ಲ. ಆಮೇಲೆ ಒಲೆ ಹೊತ್ತಿಸಿದ.

ಆಗ ಬೀದಿಯಲ್ಲಿ ದನಿಗಳು ಕೇಳಿದವು. ಬಾಗಿಲುಗಳು ಒಂದೊಂದಾಗಿ ತೆರೆದುಕೊಳ್ಳುತ್ತಿದ್ದವು. ಮುದುಕನಿಗೆ ಮೊದಲೇ ಗೊತ್ತಿತ್ತು, ಬಲೆ ಬೀಸಿಯೇ ಕಾದಿದ್ದಾನೆ ಎಂದುಕೊಂಡು ನಕ್ಷೆಯನ್ನು ಗಬಕ್ಕನೆ ಬಾಚಿಕೊಂಡು ಹಿತ್ತಿಲ ಕಡೆ ತಿರುಗಿದ. ಅಲ್ಲೂ ಕಿತ್ತಳೆ ಜಾಕೀಟು. ಮುಂಬಾಗಿಲಿನಿಂದ ಒದ್ದೆಯಾಗಿ ಏದುಸಿರು ಬಿಡುತ್ತಾ ಬಂದ ಮೇಷ್ಟ್ರು ಅವನನ್ನು ಕಂಡದ್ದೇ ತಬ್ಬಿಕೊಂಡು ಅತ್ತೇಬಿಟ್ಟರು. "ಇಲ್ಲಿದಾನೆ! ಬದುಕಿದಾನೆ! ಯಾರಾದ್ರೂ ಇವನ ಹೆಂಡ್ತಿಗೆ ಹೇಳ್ರಪ್ಪಾ!" ಆಮೇಲೆ ಅವರ ಕಣ್ಣು ಅವನ ಕೈಯ ನಕ್ಷೆಯ ಮೇಲೆ ಬಿತ್ತು, ಅಲ್ಲಿಂದ ಉರಿಯುವ ಒಲೆಗೆ ಹೋಯಿತು. ತಬ್ಬಿದ ತೋಳು ಮೆಲ್ಲಗೆ ಸಡಿಲವಾಯಿತು.

"ಶಾಲೇಲಿ ತಲೆ ಎಣಿಸಿದ್ರೆ ಒಂದು ಕಮ್ಮಿ ಬಂತು ಸರ್," ಎಂದ ತಂಡದ ಮುಂದಾಳು, ಅತ್ತಿತ್ತ ನೋಡುತ್ತಾ. "ನಿಮ್ಮನೆಯವ್ರು ಕಂಟ್ರೋಲ್ ರೂಮಿಗೆ ಫೋನ್ ಮಾಡಿದ್ರೆ ಗುಡ್ಡಕ್ಕೆ ಹೋದ್ರು ಅಂದ್ರಂತೆ. ಅಲ್ಲಿ ನೀವಿಲ್ಲ. ಎಣಿಕೆ ತಾಳೆ ಆಗ್ದಿದ್ರೆ ಗೀಟಿದ್ರೂ ಪ್ರತಿ ಮನೆ ಮತ್ತೆ ಹುಡುಕ್ಬೇಕಲ್ವಾ?" ಮುಂದಾಳಿನ ಕೈಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಬೀದಿಯ ಪಟ್ಟಿಯಿತ್ತು: ಎಂಬತ್ತಾರು ಹೆಸರು, ಎಂಬತ್ತೈದು ಟಿಕ್ಕು. ಗರ್ಭಿಣಿಯರನ್ನು, ಹಾಸಿಗೆ ಹಿಡಿದವರನ್ನು, ನಿನ್ನೆ ಹುಟ್ಟಿದ ಕೂಸನ್ನೂ ಬಿಡಬೇಡಿ ಎಂದು ಮನೆಮನೆಗೆ ನಮೂನೆ ಕಳಿಸಿದ್ದವನು ಉಪನಿರ್ದೇಶಕನೇ. ಅವನ ಮನೆಯ ನಮೂನೆಯನ್ನು ತುಂಬಿ ಕೊಟ್ಟವಳು ಹೆಂಡತಿ. ಹನ್ನೊಂದನೆಯ ನಂಬರಿನ ಮನೆ, ಮೊದಲನೆಯ ಸಾಲು, ಅವಳ ದುಂಡು ಅಕ್ಷರದಲ್ಲಿ ಅವನದೇ ಹೆಸರು. ತಾನೂ ಆ ಬೀದಿಯವನೇ ಎಂಬುದೊಂದು ಅವನಿಗೆ ಹೊಳೆದಿರಲಿಲ್ಲ.