ಬೊಡ್ಚಿ ಎಂಬ ಹೆಸರಿನ ಪ್ರತಿ

ನವೆಂಬರ್ 20, ಗುರುವಾರ. ಬೆಳಿಗ್ಗೆ ಒಂಬತ್ತೂವರೆಗೆ ಕುಮುದಿನಿ ಠಾಣೆಗೆ ತಂದ ದೂರು ಅರ್ಧ ಪುಟದ್ದು. ಗಂಡ ಕಿಟ್ಟು ಮೀನುಗಾರಿಕೆ ಬೋಟಿನಲ್ಲಿದ್ದ. ಹಗ್ಗಕ್ಕೆ ಕಾಲು ಸಿಕ್ಕಿ ಗಾಯವಾಗಿ ಭಾನುವಾರ ಫಳ್ನೀರಿನ ಖಾಸಗಿ ಆಸ್ಪತ್ರೆಗೆ ಸೇರಿಸಿದ್ದರು. ಪೆನ್ಸಿಲಿನ್ ಅವನಿಗೆ ಆಗುವುದಿಲ್ಲವೆಂದು ಅವಳು ಅಂದೇ ಹೇಳಿದ್ದಳು, ನರ್ಸ್ ಅವಳೆದುರೇ ಕಂಪ್ಯೂಟರಿಗೆ ಹಾಕಿದ್ದಳು. ಬುಧವಾರ ಜ್ವರದಲ್ಲಿ ಮಾತಾಡಲಾರದೆ ಮಲಗಿದ್ದವನಿಗೆ ಅದೇ ಇಂಜೆಕ್ಷನ್ ಕೊಟ್ಟರು. ಅವನು ಮತ್ತೆ ಏಳಲಿಲ್ಲ.

ಅಂಥ ನಮೂದೇ ಇಲ್ಲ, ನೀವು ಹೇಳಿಯೇ ಇಲ್ಲ ಎಂದು ಆಸ್ಪತ್ರೆಯವರು ಕಂಪ್ಯೂಟರ್ ತೆರೆದು ತೋರಿಸಿದ್ದರು. ಅದನ್ನು ಕೇಳಿದ ಅತ್ತೆ ಹೆಣದ ಮುಂದೆಯೇ ಸೊಸೆಯ ಮೇಲೆ ಹರಿಹಾಯ್ದಿದ್ದಳು.

“ನಾನು ಹೇಳಿದ್ದು ಹೌದು ಮೇಡಂ,” ಎಂದಳು ಕುಮುದಿನಿ. “ಈಗ ಮನೆಯಲ್ಲಿ ನಾನೇ ಕೊಂದದ್ದು ಅಂತ ಆಗಿದೆ.”

ಇನ್‌ಸ್ಪೆಕ್ಟರ್ ಸ್ನೇಹಲತಾಗೆ ಮೈಯೆಲ್ಲ ಉರಿಯಿತು. ಸತ್ತವನ ಹೆಂಡತಿಯ ತಲೆಗೇ ಕಟ್ಟುವುದೆಂದರೆ ಎಂಥ ಜನ! ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಆಶಿಕ್‌ನನ್ನು ಕರೆದುಕೊಂಡು ಜೀಪು ಹತ್ತಿದಳು.

ರಜೆ ಮುಗಿಸಿ ಅಂದೇ ಬಂದಿದ್ದ ನರ್ಸ್ ಶರೊನ್ ತಾನೇ ನಮೂದಿಸಿದ್ದಾಗಿ ಒಪ್ಪಿದಳು. ಭಾನುವಾರ, ಸೋಮವಾರದ್ದು ಈಗ ಎಂತದೂ ಇಲ್ಲ ಎಂದಳು. ಮ್ಯಾನೇಜರ್ ಚಿತ್ತರಂಜನ ಶೆಟ್ಟಿ ಎಳನೀರು ತರಿಸಿ, ಮಂಗಳವಾರ ಡೇಟಾಬೇಸ್ ಕೆಟ್ಟಿತ್ತು, ಸಾಫ್ಟ್‌ವೇರ್ ಕಂಪನಿಯವರು ಶನಿವಾರದ ಬ್ಯಾಕಪ್ ಹಾಕಿ ಸರಿಮಾಡಿದರು, ಆಮೇಲೆ ಸೇರಿದ್ದ ರೋಗಿಗಳ ಹೆಸರನ್ನಷ್ಟೇ ಮತ್ತೆ ಹಾಕಿಸಿದೆವು ಎಂದು ಬೆಣ್ಣೆಯಂಥ ದನಿಯಲ್ಲಿ ವಿವರಿಸಿದ. ಸ್ನೇಹಲತಾ ಎಳನೀರು ಮುಟ್ಟಲಿಲ್ಲ.

ಹೈದರಾಬಾದಿನ ಕಂಪನಿಗೆ ಫೋನ್ ಮಾಡಿದಳು. ತಾವು ಏನೂ ಮಾಡಿಲ್ಲ, ಮ್ಯಾನೇಜರರ ಲಾಗಿನ್‌ನಿಂದಲೇ ಆಗಿದೆ ಎಂದ ಎಂಜಿನಿಯರ್. ಹಳೆಯ ಬ್ಯಾಕಪ್ ಹಾಕುವ ಮೊದಲು ಇರುವ ಡೇಟಾಬೇಸನ್ನು ಒಂದು ಹೆಸರು ಕೊಟ್ಟು ಪಕ್ಕಕ್ಕಿಡಬೇಕಂತೆ. ಆ ಹೆಸರು ಬೊಡ್ಚಿ. ಯಾರು ಈ ಬೊಡ್ಚಿ ಎಂದು ಅವನೇ ಕೇಳಿದ.

ಕಾವೂರಿನಲ್ಲಿ ಹುಟ್ಟಿ ಬೆಳೆದ ಸ್ನೇಹಲತಾಗೆ ಅರ್ಥವಾಯಿತು. ತುಳುವಿನಲ್ಲಿ ಬೊಡ್ಚಿ ಎಂದರೆ ಬೇಡ. ಹೆಸರು ಕೇಳಿದ ಯಂತ್ರ, ಇರುವುದು ಬೇಕೋ ಬೇಡವೋ ಎಂದು ಕೇಳುತ್ತಿದೆ ಎಂದುಕೊಂಡು ಪುಣ್ಯಾತ್ಮ ಶೆಟ್ಟಿ ಬೇಡ ಎಂದು ಟೈಪ್ ಮಾಡಿದ್ದ. ಯಂತ್ರಕ್ಕೆ ತುಳು ಬರುವುದಿಲ್ಲ. ಬೇಡವಾದದ್ದನ್ನೆಲ್ಲ ಅದೇ ಹೆಸರಿನಲ್ಲಿ ಜೋಪಾನವಾಗಿ ಇಟ್ಟಿತ್ತು.

ಮಧ್ಯಾಹ್ನ ಇಬ್ಬರು ಪಂಚರ ಎದುರು ಆ ಪ್ರತಿಯನ್ನು ತೆರೆದು ಪಂಚನಾಮೆ ಬರೆದರು. ಕಿಟ್ಟುವಿನ ಪುಟದಲ್ಲಿ ಕೆಂಪಕ್ಷರ ಇತ್ತು: ಪೆನ್ಸಿಲಿನ್ ಕೊಡಕೂಡದು, ಹೆಂಡತಿಯ ಹೇಳಿಕೆ. ಸ್ನೇಹಲತಾ ಅಲ್ಲಿಂದಲೇ ಕುಮುದಿನಿಗೆ ಫೋನ್ ಮಾಡಿ, ಅತ್ತೆಯ ಕೈಗೆ ಕೊಡಲು ಹೇಳಿ, ಆ ಸಾಲನ್ನು ಎರಡು ಸಲ ಓದಿದಳು.

ಸೋಮವಾರದ್ದು ಇನ್ನೊಂದು ಸಾಲು, ಬೇರೊಬ್ಬ ರೋಗಿಯ ಪುಟದಲ್ಲಿ. ಔಷಧಿಯ ಪ್ರಮಾಣವನ್ನು ತಾನು ತಪ್ಪಾಗಿ ಹೆಚ್ಚು ಬರೆದಿದ್ದೆ, ನರ್ಸ್ ತಡೆದರು, ರೋಗಿ ಕ್ಷೇಮ ಎಂದು ಬರೆದು ಡಾಕ್ಟರ್ ಸಂಚಿತಾ ಹೆಸರು ಹಾಕಿದ್ದಳು. ಸಂಚಿತಾ ಮ್ಯಾನೇಜರರ ಮಗಳು.

“ಇದೊಂದು ಸಾಲಿಗೆ ಇಡೀ ಆಸ್ಪತ್ರೆಯನ್ನು ಶನಿವಾರಕ್ಕೆ ಕೊಂಡುಹೋದದ್ದಾ ಶೆಟ್ರೇ?”

“ಒಂದೇ ಸಾಲು ಅಳಿಸ್ಲಿಕ್ಕೆ ಬಿಡುದಿಲ್ಲ ಮೇಡಂ ಅದು. ಬ್ಯಾಕಪ್ ಹಾಕ್ಲಿಕ್ಕೆ ಬಿಡ್ತದೆ. ಮಗಳ ಹೆಸರು ಹಾಳಾಗ್ತದೆ ಅಂತ...”

“ಬುಧವಾರ ಕಿಟ್ಟುವಿಗೆ ಇಂಜೆಕ್ಷನ್ ಬರೆದದ್ದು ಯಾರು?”

 ಡ್ಯೂಟಿ ಪಟ್ಟಿ ಆಶಿಕ್ ಕೈಯಲ್ಲಿತ್ತು. ಬರೆದದ್ದು ಸಂಚಿತಾ.

ಸಂಜೆ ಐದಕ್ಕೆ ಶೆಟ್ಟಿಯ ದಸ್ತಗಿರಿ. ಜೀಪಿನ ಬಳಿ ಮಗಳು ಬಂದು ನಿಂತಳು. “ಪಪ್ಪಾ, ಕೊಡುವ ಮೊದಲು ನಾನು ಎರಡು ಸಲ ನೋಡಿದ್ದೆ. ಪೆನ್ಸಿಲಿನ್ ಆಗುದಿಲ್ಲ ಅಂತ ಸ್ಕ್ರೀನಿನಲ್ಲಿ ಇರ್ಲಿಲ್ಲ.”

ಶೆಟ್ಟಿ ಜೀಪು ಹತ್ತಿದ. ಸ್ನೇಹಲತಾಗೆ ಸಿಟ್ಟು ಇನ್ನೂ ಇಳಿದಿರಲಿಲ್ಲ. ಮಗಳು ತಾನಾಗಿ ಬರೆದು ಒಪ್ಪಿಕೊಂಡದ್ದನ್ನು ಅಪ್ಪ ಸಹಿಸದಾದ. ಅವಳು ಒಪ್ಪಿಕೊಂಡ ತಪ್ಪಿನಿಂದ ಯಾರೂ ಸತ್ತಿರಲಿಲ್ಲ.