ಅಟ್ಟದ ಸದ್ದು

ಹನ್ನೊಂದನೆಯ ದಿನದ ಊಟಕ್ಕೆ ಬಂದವರೆಲ್ಲ ಎದ್ದು ಹೋದ ಮೇಲೆ, ಲಕ್ಷ್ಮಕ್ಕ ಮಗಳು ಜೀವಿತಾಳ ಬಲಗೈಯನ್ನು ಎಳೆದು ತನ್ನ ನೆತ್ತಿಯ ಮೇಲಿಟ್ಟುಕೊಂಡಿದ್ದಳು.

"ಬಿಳಿಗೆರೆ ದಾರೀಲಿರೋ ಆ ತೋಟಕ್ಕೆ ಸಾಯೋಗಂಟ ಕಾಲಿಡಲ್ಲ ಅನ್ನು."

"ಇಡಲ್ಲ ಕಣಮ್ಮ."

"ನನ್ನಾಣೆ ಅನ್ನು."

"ನಿನ್ನಾಣೆ..."

ಜೀವಿತಾಳ ಅಪ್ಪ ದುರ್ಗಯ್ಯ ತೆಂಗಿನ ಮರ ಹತ್ತಿ ಕಾಯಿ ಕೆಡವುತ್ತಿದ್ದವನು. ಮಳೆಗೆ ಮರ ಜಾರುತ್ತಿದೆ, ನಾಳೆ ಹತ್ತುತ್ತೇನೆ ಎಂದಿದ್ದನಂತೆ. ತೋಟದವರು ಕೇಳಲಿಲ್ಲವಂತೆ. ಸಂಜೆಗೆ ಮನೆಗೆ ಬಂದದ್ದು ಅವನ ಹೆಣ. ಆ ತೋಟದವನ ಮುಖವನ್ನು ಜೀವಿತಾ ನೋಡಿರಲಿಲ್ಲ. ಅವನ ಹೆಸರನ್ನು ಲಕ್ಷ್ಮಕ್ಕ ಮನೆಯೊಳಗೆ ಯಾರಿಗೂ ಎತ್ತಲು ಬಿಡಲಿಲ್ಲ.

ಅದಾಗಿ ಎರಡು ವರ್ಷ.

ಈಗ ಜೀವಿತಾ ತಿಪಟೂರಿನ ಬಸ್‌ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಸೆಂಟರಿನಲ್ಲಿ ಬೆಳಿಗ್ಗೆಯಿಂದ ಅರ್ಜಿ ತುಂಬುತ್ತಾಳೆ. ಜನ ಕಡಿಮೆಯಾದಾಗ ಪರೀಕ್ಷೆಗೆ ಓದುತ್ತಾಳೆ. ನಾಲ್ಕು ಗಂಟೆಗೆ ಹತ್ತು ನಿಮಿಷ ಬಿಡುವು. ಆ ಹತ್ತು ನಿಮಿಷ ಏನು ಮಾಡಬೇಕೆಂಬುದೇ ಅವಳಿಗೆ ತಿಳಿಯುತ್ತಿರಲಿಲ್ಲ!

"ಕಾಮಿಡಿ ನೋಡೇ, ತಲೆಬಿಸಿ ಹೋಗ್ತದೆ," ಎನ್ನುತ್ತಿದ್ದಳು ಪಕ್ಕದ ಸೀಟಿನ ನಿಸರ್ಗ.

ನೋಡಿದಳು. ನಗುವುದೂ ಒಂದು ಕೆಲಸವೆನಿಸಿತು. ಅಡುಗೆ ವಿಡಿಯೋ ಹಸಿವು ಹೆಚ್ಚಿಸಿತು. ಲೂಡೋ ಆಡಿದರೆ ಅಲ್ಲೂ ಸೋಲು. ಹೀಗೆ ಬೆರಳು ಜಾರಿಸುತ್ತಾ ಹೋಗುವಾಗ ಒಂದು ದಿನ ಸಿಕ್ಕಿತು ಆ ಲೈವ್. ಹೆಸರು 'ಅಟ್ಟದ ಸದ್ದು'. ನೋಡುತ್ತಿದ್ದವರು ಮೂರೇ ಜನ.

ಮುಖವಿಲ್ಲ, ಮಾತಿಲ್ಲ. ಮಬ್ಬು ಬೆಳಕಿನ ಅಟ್ಟ, ಎರಡು ಕೈ. ಆ ಕೈಗಳು ಒಂದೊಂದೇ ತೆಂಗಿನಕಾಯಿ ಎತ್ತಿ ಫೋನಿನ ಹತ್ತಿರ ಅಲುಗಿಸುತ್ತಿದ್ದವು. ನೀರಿದ್ದರೆ ಕುಲುಕುಲು. ಒಳಗೆ ಒಣಗಿ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಲೊಟಲೊಟ. ಅಷ್ಟೇ. ಅಷ್ಟಕ್ಕೇ ಜೀವಿತಾಳ ಬಿಗಿದ ಭುಜ ಸಡಿಲಾಯಿತು, ಕಣ್ಣು ತುಂಬಿತು!

ನಾಲ್ಕನೆಯ ದಿನ ಅವಳು ಗಮನಿಸಿದಳು. ಮೂಲೆಯಲ್ಲೊಂದು ರಾಶಿ. ಅದರಲ್ಲಿನ ಕಾಯನ್ನು ಆ ಕೈ ಅಲುಗಿಸುತ್ತದೆ, ಮತ್ತೆ ಅಲ್ಲೇ ಇಡುತ್ತದೆ. ಒಡೆಯಲು ಕೆಳಗಿಳಿಸುವುದಿಲ್ಲ.

'ಆ ರಾಶಿ ಯಾವಾಗಲೋ ಒಣಗಿದೆ. ರೇಟು ಏರಲಿ ಅಂತ ಕೂತಿದ್ದೀರಾ?' ಎಂದು ಬರೆದಳು.

ಕೈ ಗಾಳಿಯಲ್ಲೇ ನಿಂತಿತು. ಲೈವ್ ಬಂದ್!

ಮರುದಿನ ಅವಳಿಗೊಂದು ಮೆಸೇಜ್ ಬಂದಿತ್ತು. 'ರೇಟಿಗಲ್ಲ ಕಣ್ರೀ. ಸದ್ದಲ್ಲೇ ಒಣಗಿದ್ದು ಗೊತ್ತಾಯ್ತಾ? ಯಾರು ಕಲಿಸಿದ್ರು?'

'ನಮ್ಮಪ್ಪ.'

'ಅವರೇನು ಮಾಡ್ತಾರೆ?'

'ಈಗ ಅವರಿಲ್ಲ.'

ಉತ್ತರ ಬಂತು. 'ಊಟ ಮಾಡಿದ್ರಾ?'

ಅಲ್ಲಿಂದ ನಾಲ್ಕು ಗಂಟೆ ಎಂದರೆ ಅವನೇ ಆದ. ಅವನು ಕಾಯಿ ಅಲುಗಿಸುತ್ತಿದ್ದ, ಅವಳು 'ಇನ್ನೂ ಹಸಿ', 'ಇದು ಆಗಿದೆ' ಎಂದು ಬರೆಯುತ್ತಿದ್ದಳು. ಅವಳ ಪರೀಕ್ಷೆ, ಸೆಂಟರು, ಅಮ್ಮನ ಮೊಣಕಾಲು ನೋವು, ಎಲ್ಲ ಅವನಿಗೆ ಗೊತ್ತಾದವು. ಅವನ ಹೆಸರು ಯೋಗೀಶ್ ಎಂದು ಅವಳಿಗೆ ಗೊತ್ತಾಯಿತು. 'ನೀವಿಲ್ಲದ ದಿನ ಅಟ್ಟ ಹತ್ತೋಕೆ ಮನಸ್ಸಾಗಲ್ಲ' ಎಂದು ಅವನು ಬರೆದ ದಿನ ಜೀವಿತಾ ಫೋನನ್ನು ಎದೆಗೊತ್ತಿಕೊಂಡು ಕೂತಿದ್ದಳು.

"ಅರ್ಜಿ ಉಲ್ಟಾ ಸ್ಕ್ಯಾನ್ ಮಾಡಿದೀಯಲ್ಲೇ! ಯಾರೇ ಅವನು?" ನಿಸರ್ಗ ತಿವಿದಳು.

"ಯಾರೂ ಇಲ್ಲ ಕಣೇ, ಬುಡು!"

ಏಳನೆಯ ತಿಂಗಳು ಅವಳು ಮತ್ತೆ ಕೇಳಿದಳು. 'ಈಗಲಾದರೂ ಹೇಳಿ. ಆ ರಾಶಿ ಯಾಕೆ ಒಡೆಯಲ್ಲ?'

ಆ ದಿನ ಮೊದಲ ಬಾರಿಗೆ ಅವನ ದನಿ ಬಂತು, ವಾಯ್ಸ್ ಮೆಸೇಜಿನಲ್ಲಿ.

"ಅದು ನಾನು ಬಲವಂತ ಮಾಡಿ ಕೆಡವಿಸಿದ ಕಾಯಿ ಕಣ್ರೀ. ಮಾರನೇ ದಿನ ಅಮಾವಾಸ್ಯೆ. ಅಮಾವಾಸ್ಯೆ ದಿನ ನಮ್ಮನೇಲಿ ಅಟ್ಟಕ್ಕೆ ಕಾಯಿ ಏರಿಸಲ್ಲ. ಮಳೆ ನಿಂತ ತಕ್ಷಣ ಹತ್ತಿ ಅಂದೆ. ಹತ್ತಿದವರು ಕೆಳಗೆ ಬಿದ್ದು ಹೋಗ್ಬುಟ್ರು. ದುರ್ಗಯ್ಯ ಅಂತ..."

ಜೀವಿತಾ ಆ ಹೆಸರನ್ನು ಇನ್ನೊಮ್ಮೆ ಹಾಕಿ ಕೇಳಿದಳು.

ಅಪ್ಪ! ಆ ಕೈ ದಿನವೂ ಎತ್ತಿ ಅಲುಗಿಸುತ್ತಿದ್ದದ್ದು ಅಪ್ಪ ಕೊನೆಗೆ ಕೆಡವಿದ ಕಾಯಿಗಳನ್ನು... ಅದನ್ನು ನೋಡಿ ತಾನು ದಣಿವಾರಿಸಿಕೊಳ್ಳುತ್ತಿದ್ದೆನೇ?

'ದುರ್ಗಯ್ಯನ ಮಗಳು ನಾನು. ನಮ್ಮಪ್ಪನ ಸಾವನ್ನ ಜನಕ್ಕೆ ಟೈಂಪಾಸ್ ಮಾಡಿದ್ರಲ್ಲ. ಥೂ!'

ಕಳಿಸಿ, ಅವನನ್ನು ಬ್ಲಾಕ್ ಮಾಡಿದಳು. ಆಮೇಲೆ ಬಿಡುವಿನಲ್ಲಿ ಗೋಡೆ ನೋಡುತ್ತಾ ಕೂರುತ್ತಿದ್ದಳು.

ಆರನೆಯ ದಿನ ಒಬ್ಬ ಸೆಂಟರಿನ ಬಾಗಿಲಲ್ಲಿ ನಿಂತ. ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿತ್ತು. ಮುಖ ಅಪರಿಚಿತ. ಕೈಗಳು ಮಾತ್ರ... ಅವಳಿಗೆ ಚೆನ್ನಾಗಿ ಗೊತ್ತಿದ್ದವು.

"ಯಾಕೆ ಬಂದ್ರಿ? ಲೈವ್‌ಗೆ ಜನ ಸಾಲ್ದಾ?"

"ಬಯ್ಯಿರಿ. ಬಯ್ದಾದ ಮೇಲೆ ಒಂದು ಮಾತು ಕೇಳಿ."

"ನಾನ್ಯಾರು ಅಂತ ಗೊತ್ತಿದ್ದೇ ಮಾತಾಡಿಸಿದ್ರಾ?"

"ಇಲ್ಲ. ಗೊತ್ತಿದ್ರೆ ಮಾತಾಡ್ಸೋ ಧೈರ್ಯ ನಂಗೆಲ್ಲಿತ್ತು?" ಅವನು ಬಾಗಿಲಲ್ಲೇ ನಿಂತು ಹೇಳಿದ. "ಆ ರಾಶಿ ಹತ್ರ ಒಬ್ಬನೇ ಕೂರೋಕೆ ಆಗ್ತಿರ್ಲಿಲ್ಲ. ಆ ಕಡೆ ಯಾರಾದ್ರೂ ಒಬ್ರು ಇದ್ರೆ ಸಾಕು ಅಂತ ಫೋನ್ ಆನ್ ಮಾಡಿಟ್ಕೊಂಡೆ. ಜನ ನೋಡ್ಲಿ ಅಂತಲ್ಲ."

ನಿಸರ್ಗ ಮೆಲ್ಲಗೆ ಎದ್ದು ಹೊರಗೆ ಹೋದಳು.

"ಇನ್ನೊಂದಿದೆ. ಯಾರಿಗೂ ಹೇಳಿಲ್ಲ. ಅವರು ನಾಳೆ ಹತ್ತೀನಿ ಅಂದ್ರು. ನಾನು... 'ಏನ್ ದುರ್ಗಣ್ಣ, ವಯಸ್ಸಾಯ್ತಾ? ಭಯಾನಾ?' ಅಂತ ನಕ್ಕೆ. ಅವರೂ ನಕ್ಕು, ಪಂಚೆ ಕಟ್ಟಿ ಹತ್ತಿದ್ರು."

ಅಪ್ಪ ಹಾಗೆ ನಗುವುದು ಅವಳಿಗೆ ಗೊತ್ತಿತ್ತು. ಅವಳು ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅವನು ಹತ್ತಿರ ಬರಲಿಲ್ಲ, ಕ್ಷಮಿಸು ಎನ್ನಲಿಲ್ಲ. ಅಳು ನಿಲ್ಲುವ ತನಕ ನಿಂತೇ ಇದ್ದ.

"ಸುಳ್ಳು ಹೇಳಬಹುದಿತ್ತು ನೀವು," ಎಂದಳು ಕೊನೆಗೆ.

"ನಿಮ್ಮ ಹತ್ರ ಆಗಲ್ಲ. ನೀವಂದ್ರೆ ನಂಗೆ ಜೀವ. ಅದಕ್ಕೇ ಹೇಳ್ದೆ. ಬತ್ತೀನಿ."

ಮೂರು ದಿನ ಅವಳಿಗೆ ಅನ್ನ ಇಳಿಯಲಿಲ್ಲ. ಅವನನ್ನು ದ್ವೇಷಿಸಲು ಕೂತರೆ, ಊಟ ಮಾಡಿದ್ರಾ ಎಂದು ಕೇಳಿದ ಆ ಸಾಲೇ ನೆನಪಾಗುತ್ತಿತ್ತು. ನಾಲ್ಕನೆಯ ದಿನ ಬೆಳಿಗ್ಗೆ, ರಾಗಿ ಬೀಸಿಸಲು ಹೊರಟ ಅಮ್ಮನ ಎದುರು ನಿಂತು ಎಲ್ಲವನ್ನೂ ಹೇಳಿಬಿಟ್ಟಳು. ಅವನು ನಕ್ಕಿದ್ದನ್ನೂ ಬಿಡಲಿಲ್ಲ, ಅವನಿಲ್ಲದೆ ತನಗಾಗದು ಎಂಬುದನ್ನೂ.

ಲಕ್ಷ್ಮಕ್ಕ ಚೀಲ ಕೆಳಗಿಟ್ಟಳು.

"ಅವನೇ ಬೇಕಾ ನಿಂಗೆ? ಊರಲ್ಲಿ ಬೇರೆ ಗಂಡಸ್ರು ಸತ್ತೋದ್ರಾ?"

"ಅವರೇ ಬೇಕಮ್ಮ."

"ಆಣೆ ವಾಪಸ್ ತಗ ಅಂತ ಕೇಳ್ಬೇಡ. ತಗಳಲ್ಲ. ನಾನು ಸಾಯೋಗಂಟ ಆ ತೋಟದ ನೀರೂ ಕುಡಿಯಲ್ಲ." ಲಕ್ಷ್ಮಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಮುರೀಬೇಕು ಅಂದ್ರೆ ನೀನೇ ಮುರಿ. ನಂಗೆ ಹೇಳಿ ಮುರಿದಂಗಾಯ್ತು ಅಷ್ಟೇ. ಆ ಪಾಪ ನನ್ನ ತಲೆಗೆ ಕಟ್ಬೇಡ ಕಣೇ."

ಮಗಳನ್ನು ತಡೆಯಲೂ ಇಲ್ಲ, ಹರಸಲೂ ಇಲ್ಲ. ಚೀಲ ಎತ್ತಿಕೊಂಡು ಹೊರಟುಹೋದಳು.

ಅಂದು ಮಧ್ಯಾಹ್ನ ಜೀವಿತಾ ಬಿಳಿಗೆರೆ ದಾರಿಯಲ್ಲಿ ಬಸ್ಸಿಳಿದಳು. ಬೇಲಿಯ ಆಚೆ ಯೋಗೀಶ್ ಗರಿ ಎಳೆದು ಹಾಕುತ್ತಿದ್ದ. ಅವಳನ್ನು ಕಂಡು ಕೈಯಲ್ಲಿದ್ದ ಗರಿ ಬಿಟ್ಟ. ಓಡಿ ಬಂದವನು ಗೇಟಿನ ಒಳಗೇ ನಿಂತುಬಿಟ್ಟ.

"ಒಳಗೆ ಬನ್ನಿ ಅಂತ ಹೇಗೆ ಕರೀಲಿ ನಾನು?"

"ಕರೀಬೇಡಿ."

"ನಿಮ್ಮಮ್ಮ...?"

"ಒಪ್ಪಲಿಲ್ಲ. ಒಪ್ಪೋದೂ ಇಲ್ಲ."

"ಮತ್ತೆ?"

"ಸಿಟ್ಟು ಇನ್ನೂ ಇದೆ ನಂಗೆ. ಒಂದೊಂದು ದಿನ ನಿಮ್ಮ ಮುಖ ನೋಡೋಕಾಗಲ್ಲ. ತಡ್ಕೋತೀರಾ?"

"ಜೀವ ಇರೋಗಂಟ ತಡ್ಕೋತೀನಿ."

"ಹಂಗಾದ್ರೆ ಕೈ ಕೊಡಿ."

ಅವನು ಕೈ ಚಾಚಿದ. ಅವಳು ಹಿಡಿದಳು.

"ನಿಮ್ಮ ಕೈ ತಣ್ಣಗಿದೆ," ಎಂದ ಅವನು.

"ನೀವು ಗೀವು ಬೇಡ, ನೀನು ಅನ್ನಿ ಸಾಕು."

"...ಬಾ, ಜೀವಿತಾ."

ಅವಳು ಗೇಟು ದಾಟಿದಳು. ಅಮ್ಮನಿಗೆ ಕೊಟ್ಟ ಮಾತು ಮುರಿಯಿತು.