ಹೇಡಿಯಲ್ಲ ಆ ತಾಯಿ

"ಸರ್, ಆ ತಾಯಿಯನ್ನ ಹೇಡಿ ಅನ್ನೋಕೆ ನಿಮಗೆ ಮನಸ್ಸಾದ್ರೂ ಹೇಗೆ ಬಂತು?"

ಶಿರಾ ಕಾಲೇಜಿನ ಸಭಾಂಗಣದಲ್ಲಿ ಎಲ್ಲರೂ ಹಿಂದಿರುಗಿ ನೋಡಿದರು!

ಮಾತಾಡುತ್ತಿದ್ದ ಇಂಗ್ಲಿಷ್ ಉಪನ್ಯಾಸಕ ಓಬಳಪ್ಪ ತಲೆಯೆತ್ತಿದ. ಎದ್ದು ನಿಂತಿದ್ದವಳು ಸರ್ವಮಂಗಳಾ. ಹೊಳವನಹಳ್ಳಿಯಿಂದ ಬಂದು ಅದೇ ವಿಭಾಗಕ್ಕೆ ಉಪನ್ಯಾಸಕಿಯಾಗಿ ಸೇರಿ ನಾಲ್ಕೇ ದಿನವಾಗಿತ್ತು.

ಅದು ೧೯೮೧. ಮಾತು ನಡೆದಿದ್ದು ಒಂದು ಹಳೆಯ ಇಂಗ್ಲಿಷ್ ದುರಂತ ನಾಟಕದ ಬಗ್ಗೆ. ಅಪ್ಪನ ಕೊಲೆಗೆ ಸೇಡು ತೀರಿಸಲು ಹೊರಟ ಮಗ, ಅವನ ಕತ್ತಿಯನ್ನು ಬಚ್ಚಿಡುವ ತಾಯಿ, ಕೊನೆಗೆ ಎಲ್ಲರ ಸಾವು.

"ನಾನು ಹೇಳಿದ್ದಲ್ಲ ಮೇಡಂ, ಈಚಿನ ವಿಮರ್ಶಕರ ಮಾತು. ಅವಳಿಗೆ ಪ್ರಾಣಭಯ ಅಂತ ಒಬ್ಬರು. ಕೊಲೆಗಾರನ ಮೇಲೆ ಒಳಗೊಳಗೇ ಮನಸ್ಸಿತ್ತು ಅಂತ ಇನ್ನೊಬ್ಬರು..."

"ಅವರೆಲ್ಲ ಮಗನ ಪಕ್ಕ ಕೂತು ಬರೆದಿದ್ದಾರೆ ಸರ್! ಇಡೀ ನಾಟಕದಲ್ಲಿ ಕೊಲ್ಲೋದು ಬೇಡ ಅಂದವಳು ಅವಳೊಬ್ಬಳೇ. ಅದಕ್ಕೆಷ್ಟು ಧೈರ್ಯ ಬೇಕು ಗೊತ್ತಾ?"

ಚಪ್ಪಾಳೆಯೋ ಚಪ್ಪಾಳೆ! ಓಬಳಪ್ಪನ ಮುಖ ಬಿಳಿಚಿಕೊಂಡಿತು.

"ನಿಮಗೇನು ಗೊತ್ತು..." ಎಂದವನೇ ಹೊರಗೆ ಹೋಗಿಬಿಟ್ಟ.

'ಅಬ್ಬಾ, ಎಂಥ ಅಹಂಕಾರ!' ಅವಳಿಗೆ ಮೈಯೆಲ್ಲ ಉರಿಯಿತು.

ಆಮೇಲೆ ಸ್ಟಾಫ್ ರೂಮಿನಲ್ಲಿ ದಿನವೂ ವಾದ. ಅವನು ಒಬ್ಬ ವಿಮರ್ಶಕನ ಪುಸ್ತಕ ತಂದರೆ ಇವಳು ಎರಡು ತರುತ್ತಿದ್ದಳು. ಆ ಜಗಳಕ್ಕಾಗಿ ತಾನು ಕಾಯತೊಡಗಿದ್ದು ಯಾವಾಗಲೋ, ಅವಳಿಗೇ ತಿಳಿಯಲಿಲ್ಲ.

ನಾಟಕದ ತಾಯಿಯ ಪರವಾಗಿ ಅವಳು ಕಾಲೇಜು ಪತ್ರಿಕೆಗೊಂದು ಲೇಖನ ಬರೆದಳು. ಅದು ಅಚ್ಚಾದ ದಿನ ಓಬಳಪ್ಪ ಓದಿ, ಪತ್ರಿಕೆಯನ್ನು ಚೀಲಕ್ಕೆ ಹಾಕಿಕೊಂಡು ಎದ್ದು ಹೋದ. ವಾರವಾದರೂ ಬರಲಿಲ್ಲ.

"ಪಾವಗಡಕ್ಕೆ ವರ್ಗ ಕೇಳಿ ಅರ್ಜಿ ಕೊಟ್ಟವ್ರಂತೆ ಕಣಮ್ಮ," ಎಂದರು ಲೈಬ್ರರಿಯ ಇಂದ್ರಮ್ಮ.

'ನನ್ನಿಂದ ತಪ್ಪಿಸಿಕೊಳ್ಳೋಕಾ?' ಅವಳು ಕೈಲಿದ್ದ ಪುಸ್ತಕ ಮುಚ್ಚಿದಳು.

"ನಿಂಗೆ ಗೊತ್ತಿಲ್ವಾ?" ಇಂದ್ರಮ್ಮ ದನಿ ತಗ್ಗಿಸಿದರು. "ಕೆರೆ ನೀರಿನ ಜಗಳದಾಗೆ ಅವರಪ್ಪನ್ನ ಹೊಡೆದು ಸಾಯ್ಸಿದ್ರು. ಮಚ್ಚು ಹಿಡ್ಕಂಡು ಹೊಂಟಿದ್ದ ಮಗನ್ನ ಅವರವ್ವ ತಡೆದ್ರು. ಹನ್ನೆರಡು ವರ್ಷ ಆಯ್ತು, ತಾಯಿ ಜೊತೆ ಮಾತೇ ಇಲ್ಲ."

ತಾನು ಬರೆದದ್ದು ಅವನ ಮನೆಯ ಕತೆಯೇ ಎಂದು ಸರ್ವಮಂಗಳಾಗೆ ಆಗ ಹೊಳೆಯಿತು. ಮರುಕ್ಷಣವೇ ಎದ್ದಳು. 'ಓಡಿಹೋಗಲಿ ನೋಡೋಣ!' ಎಂದುಕೊಂಡು ರಜೆ ಬರೆದುಕೊಟ್ಟು ಅವನ ಊರು ಮದಲೂರಿನ ಬಸ್ಸು ಹತ್ತಿದಳು.

ಜಗಲಿಯ ಮೇಲೆ ಅವನ ತಾಯಿ ಕ್ಯಾತಮ್ಮ ಉಣ್ಣೆ ಬಿಡಿಸುತ್ತಿದ್ದಳು. ಪಕ್ಕದಲ್ಲೇ ಓಬಳಪ್ಪ!

"ಯಾರವ್ವಾ ನೀನು?"

"ನಿಮ್ಮ ಮಗನ ಹತ್ರ ಜಗಳ ಆಡೋಳು."

"ಓ, ನೀನೇನಾ! ನೀನ್ ಬರ್ದಿದ್ನ ನಂಗೆ ಓದಿ ಹೇಳ್ದ ಕಣವ್ವ. 'ಅವತ್ತು ಯಾಕೆ ತಡೆದೆ ಅವ್ವಾ' ಅಂತ ಈಗ ಬಂದು ಕೇಳ್ದ ನೋಡು."

"ನೀವೇನಂದ್ರಿ?"

"ಕೊಂದೋರ ಮನೇಲೂ ಒಬ್ಳು ತಾಯಿ ಅವ್ಳೆ ಅಂದೆ. ಹೇಡಿ ಅಂತ ಊರೆಲ್ಲ ಉಗೀತು. ಉಗಿದ್ರೆ ಉಗೀಲಿ! ನನ್ ಮಗ ಉಳ್ಕಂಡ." ಸೆರಗಿನಿಂದ ಕಣ್ಣೊರೆಸಿಕೊಂಡು ಆಕೆ ಒಳಗೆ ಹೋದಳು.

"ವರ್ಗ ಯಾಕೆ ಕೇಳಿದ್ರಿ?" ಸರ್ವಮಂಗಳಾ ನೇರವಾಗಿ ಕೇಳಿದಳು.

"ನಿಮ್ಮೆದುರು ಕೂತ್ರೆ ಬಾಯಿಗೊಂದು ಮಾತು ಬರುತ್ತೆ. ಕುರಿ ಕಾಯೋರ ಮನೆಯವನು ನಾನು... ಹೊಳವನಹಳ್ಳಿ ಶಂಕರಲಿಂಗಪ್ಪನವರ ಮಗಳಿಗೆ ಅದನ್ನ ಹೇಳೋ ಹಾಗಿಲ್ಲ. ಬೇರೆ ಜಾತಿ, ನಿಮ್ಮಪ್ಪ ಒಪ್ಪಲ್ಲ."

"ಹೌದು, ಒಪ್ಪಲ್ಲ. ಹೋದ ಭಾನುವಾರವೇ ನಮ್ಮ ಮದುವೆ ಬಗ್ಗೆ ಕೇಳಿ ನೋಡಿದೆ."

"ಏನು?!"

"ಮನೆಗೆ ಕಾಲಿಡಬೇಡ ಅಂದ್ರು. ಮದುವೆ ಆಗೋಳು ನಾನು, ನೀವಲ್ಲ ಅಂತ ಹೇಳಿ ಬಂದೆ." ಅವಳ ನೋಟ ತಗ್ಗಲಿಲ್ಲ. "ಈಗ ನೀವು ಹೆದರ್ತೀರಾ?"

ಓಬಳಪ್ಪ ಎದ್ದು ಬಂದು ಅವಳ ಕೈ ಹಿಡಿದ.

"ಮಂಗಳಾ... ನೀನಿಲ್ದೆ ನನ್ನ ಕೈಲಾಗಲ್ಲ."

"ಇಷ್ಟು ಹೇಳೋಕೆ ಪಾವಗಡದವರೆಗೂ ಓಡಬೇಕಿತ್ತಾ?"

"ಅರ್ಜಿ ನಾಳೆನೇ ವಾಪಸ್ ತಗೋತೀನಿ."

"ನಾಳೆ ಯಾಕೆ? ಶಿರಾಕ್ಕೆ ಹೋಗೋ ಮಧ್ಯಾಹ್ನದ ಬಸ್ಸು ಇನ್ನೂ ಬಂದಿಲ್ಲ, ನಡೀರಿ," ಎಂದಳು, ಹಿಡಿದ ಕೈ ಬಿಡದೆಯೇ.